ಜಡಿ ಹಿಡಿಯುವ ಮುನ್ನ

ಸಮುದ್ರ ಕಾಣದ ಊರಿಗೂ ಚಂಡಮಾರುತ ಬರುತ್ತದೆ. ಬರುವಷ್ಟರಲ್ಲಿ ಅದರ ಹೆಸರು ಹೋಗಿರುತ್ತದೆ, ಗಾಳಿಯ ಅಬ್ಬರವೂ ಇಳಿದಿರುತ್ತದೆ. ಉಳಿಯುವುದು ಮಳೆ ಮಾತ್ರ. ನವಲಗುಂದ ತಾಲ್ಲೂಕಿನ ಮೊರಬದಲ್ಲಿ ಅದನ್ನು ಚಂಡಮಾರುತ ಎಂದು ಯಾರೂ ಕರೆಯುವುದಿಲ್ಲ. 'ಜಡಿ ಹಿಡೀತು ನೋಡ್ರಿ' ಎನ್ನುತ್ತಾರೆ, ಅಷ್ಟೇ. ಎರಡು ದಿನ, ಮೂರು ದಿನ, ಒಮ್ಮೊಮ್ಮೆ ವಾರ. ಬಿಸಿಲು ಮುಖ ತೋರಿಸುವುದಿಲ್ಲ. ಒಲೆ ಹೊತ್ತುವುದಿಲ್ಲ, ಒಗೆದ ಅರಿವೆ ಒಣಗುವುದಿಲ್ಲ, ದನಗಳಿಗೆ ಹಾಕಿದ ಕಣಿಕೆ ಮುಗ್ಗು ವಾಸನೆ ಹೊಡೆಯುತ್ತದೆ.

ಬೆಚ್ಚಗಿನ ಸಮುದ್ರದ ನೀರೇ ಚಂಡಮಾರುತದ ಆಹಾರ. ಗಾಳಿಯ ವೇಗ ಗಂಟೆಗೆ 62 ಕಿಲೋಮೀಟರ್ ಮುಟ್ಟಿದಾಗ ಹವಾಮಾನ ಇಲಾಖೆ ಅದಕ್ಕೊಂದು ಹೆಸರಿಡುತ್ತದೆ. ದಡ ಹತ್ತಿದ ಮೇಲೆ ಆಹಾರ ತಪ್ಪಿ ಅದು ಸೊರಗುತ್ತದೆ, ವಾಯುಭಾರ ಕುಸಿತವಾಗಿ ಒಳನಾಡಿನ ಕಡೆಗೆ ಸರಿಯುತ್ತದೆ. ಅಷ್ಟಕ್ಕೆ ಟಿವಿಯವರು ಕ್ಯಾಮೆರಾ ಎತ್ತಿಕೊಂಡು ವಾಪಸು ಹೊರಡುತ್ತಾರೆ. ಆದರೆ ಅದು ಹೊತ್ತು ತಂದ ತೇವ ಎಲ್ಲೂ ಹೋಗಿರುವುದಿಲ್ಲ. ತೆಂಗಿನ ಮರ ಬುಡಮೇಲು ಮಾಡುವ ಗಾಳಿ ಕರಾವಳಿಯ ಪಾಲು. ಗೋಡೆಯನ್ನು ಒಳಗೊಳಗೇ ನೆನೆಸಿ ಕೆಡಹುವ ಮಳೆ ನಮ್ಮ ಪಾಲು.

ಈ ಪಾಲು ಎಷ್ಟು ದೊಡ್ಡದು ಎಂಬುದನ್ನು 2009 ತೋರಿಸಿಕೊಟ್ಟಿತು. ಆ ವರ್ಷ ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಮೊದಲ ದಿನಗಳಲ್ಲಿ ಬಂಗಾಳ ಕೊಲ್ಲಿಯ ವಾಯುಭಾರ ಕುಸಿತ ಉತ್ತರ ಕರ್ನಾಟಕದ ಮೇಲೆ ಬಂದು ಕೂತಿತು. ರಾಜ್ಯದಲ್ಲಿ ಇನ್ನೂರಕ್ಕೂ ಹೆಚ್ಚು ಜನ ಸತ್ತರು, ಲಕ್ಷಗಟ್ಟಲೆ ಮನೆ ಬಿದ್ದವು. ನೆರೆಯಲ್ಲಿ ಕೊಚ್ಚಿ ಹೋದ ಊರುಗಳ ಸುದ್ದಿ ದೊಡ್ಡದಾಯಿತು. ನೆರೆಯೇ ಬಾರದ ಊರುಗಳಲ್ಲೂ ಗೋಡೆಗಳು ಕುಸಿದ ಸಂಗತಿ ಅಷ್ಟಾಗಿ ಸುದ್ದಿಯಾಗಲಿಲ್ಲ. ಹತ್ತು ವರ್ಷದ ಮೇಲೆ, 2019ರ ಆಗಸ್ಟ್‌ನಲ್ಲಿ, ಮತ್ತೆ ಅದೇ ಪಾಡು. ಆ ಸಲದ್ದು ಮುಂಗಾರಿನ ಮಳೆ. ಧಾರವಾಡ ಕಡೆಯಿಂದ ಬರುವ ತುಪ್ಪರಿಹಳ್ಳ, ಕುಂದಗೋಳ–ಹುಬ್ಬಳ್ಳಿ ಕಡೆಯಿಂದ ಬರುವ ಬೆಣ್ಣಿಹಳ್ಳ ಎರಡೂ ಉಕ್ಕಿ ಎರೆ ಹೊಲಗಳ ಮೇಲೆ ಹರಿದವು. ಈ ಹಳ್ಳಗಳ ಸ್ವಭಾವವೇ ಹಾಗೆ. ಬೇಸಿಗೆಯಲ್ಲಿ ದಾಟಲು ಚಪ್ಪಲಿ ಬಿಚ್ಚಬೇಕಿಲ್ಲ. ಮಳೆಗಾಲದಲ್ಲಿ ಮೇಲಿನ ತಾಲ್ಲೂಕಿನಲ್ಲಿ ಸುರಿದ ಮಳೆಗೆ ಕೆಳಗಿನ ತಾಲ್ಲೂಕಿನ ದಾರಿ ಬಂದ್ ಆಗುತ್ತದೆ; ನಮ್ಮ ಮೇಲೆ ಒಂದು ಹನಿ ಬೀಳದಿದ್ದರೂ ನಮ್ಮೂರ ಹಳ್ಳ ತುಂಬಿ ಬರುತ್ತದೆ.

ಕುಡಿಯುವ ನೀರಿಗಾಗಿ, ಮಹದಾಯಿಯ ಕಳಸಾ–ಬಂಡೂರಿ ನೀರಿಗಾಗಿ 2015ರಿಂದ ವರ್ಷಗಟ್ಟಲೆ ಧರಣಿ ಕೂತ ಸೀಮೆ ಇದು. ನೀರು ಸಾಲದ ನಾಡು ಎಂದು ನಮ್ಮನ್ನು ನಾವೇ ಕರೆದುಕೊಂಡು ರೂಢಿಯಾಗಿದೆ. ಹೀಗಾಗಿ ಹೆಚ್ಚಾದ ನೀರಿಗೆ ಮನೆಯನ್ನು ಸಜ್ಜು ಮಾಡಬೇಕು ಎಂಬ ಮಾತು ಇಲ್ಲಿ ಕಿವಿಗೆ ಹೊಸದಾಗಿ ಕೇಳಿಸುತ್ತದೆ. ನಿಜವಾಗಿ ಅದು ಹೊಸದಲ್ಲ. ಹಿರಿಯರಿಗೆ ಅದು ವರ್ಷಾವರ್ಷದ ಕೆಲಸವಾಗಿತ್ತು, ಬಿತ್ತನೆಗೆ ಕೂರಿಗೆ ಹದ ಮಾಡಿಕೊಳ್ಳುವಷ್ಟೇ ಸಹಜವಾದ ಕೆಲಸ.

ಮೊರಬದಂಥ ಊರಿನ ಹಳೇ ಮನೆ ಎಂದರೆ ಮಾಳಿಗೆ ಮನೆ. ಎರಡು ಮೂರು ಅಡಿ ದಪ್ಪದ ಮಣ್ಣಿನ ಗೋಡೆ, ಕಂಬ, ತೊಲೆ, ತೊಲೆಯ ಮೇಲೆ ಸಾಲಾಗಿ ಜಂತಿ, ಜಂತಿಯ ಮೇಲೆ ಕಟ್ಟಿಗೆಯ ಚಕ್ಕೆ, ಅದರ ಮೇಲೆ ಸೊಪ್ಪು, ಎಲ್ಲಕ್ಕೂ ಮೇಲೆ ಮಣ್ಣು. ಯುಗಾದಿ ಮುಗಿದು ಬಸವ ಜಯಂತಿ ಬರುವಷ್ಟರಲ್ಲಿ, ರೋಹಿಣಿ ಮಳೆಗೆ ಇನ್ನೂ ದಿನಗಳಿರುವಾಗಲೇ, ಮಾಳಿಗೆಗೆ ಮಣ್ಣು ಹಾಕುವ ಕೆಲಸ ಶುರುವಾಗುತ್ತಿತ್ತು. ಹಾಕುವುದು ಯಾವುದೋ ಮಣ್ಣಲ್ಲ. ಎರೆ ಮಣ್ಣು ಒಣಗಿದರೆ ಬಿರಿಯುತ್ತದೆ, ನೆನೆದರೆ ಉಬ್ಬುತ್ತದೆ. ಮಾಳಿಗೆಗೆ ಅದು ಬಾರದು. ಬೆಳೆಗೆ ಬಾರದ ಸವಳು ಮಣ್ಣೇ ಬೇಕು. ಅದರೊಳಗಿನ ಉಪ್ಪಿನ ಗುಣಕ್ಕೆ ಮಣ್ಣಿನ ನುಣ್ಣನೆಯ ಕಣಗಳು ಬಿಡಿಬಿಡಿಯಾಗಿ ಹರಡಿ ಸಂದುಗಳನ್ನು ಮುಚ್ಚುತ್ತವೆ, ನೀರು ಕೆಳಗಿಳಿಯುವುದಿಲ್ಲ. ಹುಲ್ಲೂ ಹುಟ್ಟುವುದಿಲ್ಲ, ಬೇರು ಇಳಿದು ತೂತಾಗುವ ಭಯವೂ ಇಲ್ಲ. ಹೊಲದಲ್ಲಿದ್ದರೆ ರೈತ ಶಪಿಸುವ ಮಣ್ಣನ್ನೇ ಮನೆಯ ತಲೆಯ ಮೇಲೆ ಹೊತ್ತುಕೊಂಡ ಜಾಣತನ ಯಾವ ಪುಸ್ತಕದಿಂದ ಬಂದದ್ದೂ ಅಲ್ಲ.

ಆ ಕೆಲಸಕ್ಕೊಂದು ಕ್ರಮವಿತ್ತು. ಮೊದಲು ಹಳೇ ಮಣ್ಣಿನ ಸಡಿಲ ಪದರವನ್ನು ಕೆರೆದು ಇಳಿಸಬೇಕು. ಇಲಿ ತೋಡಿದ ತೂತು ಮುಚ್ಚಬೇಕು. ಆಮೇಲೆ ಹೊಸ ಮಣ್ಣು ಹರವಿ, ನೀರು ಚಿಮುಕಿಸಿ, ಬಡಿದು ಗಟ್ಟಿ ಮಾಡಿ, ಮಾಳಿಗೆಯ ನೀರು ಹೊರಬೀಳುವ ಹರನಾಳಿಗೆಯ ಕಡೆಗೆ ವಾಟ ಕೊಡಬೇಕು. ಇತ್ತೀಚೆಗೆ ಈ ಮೊದಲ ಹೆಜ್ಜೆಯನ್ನೇ ಬಿಟ್ಟು, ಸೋರಿದ ಕಡೆ ಮೇಲಿಂದ ಮೇಲೆ ಮಣ್ಣು ಸುರಿಯುವುದು ರೂಢಿಯಾಗಿದೆ. ಕೆರೆಯುವುದಕ್ಕೆ ಆಳು ಬೇಕು, ಸುರಿಯುವುದಕ್ಕೆ ಟ್ರ್ಯಾಕ್ಟರ್ ಒಂದಿದ್ದರೆ ಸಾಕು. ಲೆಕ್ಕ ಹಾಕಿ ನೋಡಿ: ಹತ್ತಡಿ ಉದ್ದ, ಹತ್ತಡಿ ಅಗಲದ ಒಂದು ಕೋಣೆಯ ಮೇಲೆ ಅರ್ಧ ಅಡಿ ಮಣ್ಣೆಂದರೆ 50 ಘನ ಅಡಿ. ಒಣಗಿದ್ದಾಗಲೇ ಅದು ಎರಡು ಟನ್ ಮೀರುತ್ತದೆ. ಮೂರು ದಿನದ ಜಡಿಯಲ್ಲಿ ನೀರು ಕುಡಿದರೆ ಇನ್ನೂ ಅರ್ಧ ಟನ್ ಸೇರಿಕೊಳ್ಳುತ್ತದೆ. ಅಜ್ಜನ ಕಾಲದ ಜಂತಿ, ಒಳಗೆ ಗೆದ್ದಲು ತಿಂದದ್ದು, ಅಷ್ಟನ್ನು ಹೊತ್ತು ನಿಲ್ಲಬೇಕು. ಸೋರದಿರಲಿ ಎಂದು ಹಾಕಿದ ಮಣ್ಣೇ ಮಾಳಿಗೆಯನ್ನು ಕೆಡಹುವುದು ಹೀಗೆ.

ಹರನಾಳಿಗೆಯ ಲೆಕ್ಕವೂ ಅಷ್ಟೇ ಮುಖ್ಯ. ದಿನವೊಂದರಲ್ಲಿ 64.5 ಮಿಲಿಮೀಟರ್ ಮುಟ್ಟಿದರೆ ಹವಾಮಾನ ಇಲಾಖೆ ಅದನ್ನು 'ಭಾರೀ ಮಳೆ' ಎನ್ನುತ್ತದೆ. ಮೂವತ್ತಡಿಗೆ ಮೂವತ್ತಡಿ ಮಾಳಿಗೆಯ ಮೇಲೆ ಅಷ್ಟು ಮಳೆ ಬಿದ್ದರೆ ಸುಮಾರು 5,400 ಲೀಟರ್ ನೀರು. ಅಷ್ಟೂ ನೀರು ಅಂಗೈ ಅಗಲದ ಎರಡೋ ಮೂರೋ ಬಾಯಿಗಳಿಂದ ಹೊರಬೀಳಬೇಕು. ಬೇಸಿಗೆಯಲ್ಲಿ ಮೆಣಸಿನಕಾಯಿ ಒಣಹಾಕಿದಾಗ ಉಳಿದ ತೊಟ್ಟು, ಗಾಳಿಗೆ ಹಾರಿ ಬಂದ ಪ್ಲಾಸ್ಟಿಕ್ ಚೀಲ, ಗುಬ್ಬಿ ಗೂಡಿನ ಕಸ, ಇಷ್ಟು ಸಾಕು ಆ ಬಾಯಿ ಕಟ್ಟಿಕೊಳ್ಳಲು. ಮಾಳಿಗೆಯ ಅಂಚಿನ ಕುಂಬಿಯ ಒಳಗೆ ನೀರು ನಿಂತರೆ ಮಾಳಿಗೆ ಕೆರೆಯಾಗುತ್ತದೆ. ಒಂದು ಕೋಲು, ಹತ್ತು ನಿಮಿಷ: ಇಡೀ ಮಳೆಗಾಲದ ತಯಾರಿಯಲ್ಲಿ ಇದಕ್ಕಿಂತ ಅಗ್ಗದ, ಇದಕ್ಕಿಂತ ಹೆಚ್ಚು ಫಲ ಕೊಡುವ ಕೆಲಸ ಇನ್ನೊಂದಿಲ್ಲ.

ಗೋಡೆ ಬೀಳುವ ಮೊದಲು ಹೇಳಿಯೇ ಬೀಳುತ್ತದೆ. ಕೇಳುವ ಕಿವಿ ಬೇಕು. ನಿನ್ನೆ ಸಲೀಸಾಗಿ ಮುಚ್ಚುತ್ತಿದ್ದ ಬಾಗಿಲು ಇಂದು ಬಿಗಿಯಾಗುತ್ತದೆ. ಮೂಲೆಯಲ್ಲಿ ಕೂದಲಿನಂತಿದ್ದ ಬಿರುಕಿನಲ್ಲಿ ಬೆರಳು ಹೋಗುತ್ತದೆ. ಜಂತಿಯ ಸಂದಿಯಿಂದ ಮಣ್ಣು ಉದುರುತ್ತದೆ. 'ಗ್ವಾಡಿ ಹೊಟ್ಟಿ ಬಿಟ್ಟೈತಿ' ಎಂದು ಊರಲ್ಲಿ ಹೇಳುವುದು ಹೊರಗಡೆಗೆ ಉಬ್ಬಿದ ಗೋಡೆಗೆ. ಅಂಥ ಗೋಡೆಯ ಪಕ್ಕ ತೊಟ್ಟಿಲು ಕಟ್ಟಬಾರದು, ಹಾಸಿಗೆ ಹಾಸಬಾರದು, ದನ ಕಟ್ಟಬಾರದು. ಇನ್ನೊಂದು ಮಾತು ಹಳೇ ತಲೆಗಳು ಮರೆಯದೆ ಹೇಳುತ್ತವೆ: 'ಮಳಿ ನಿಂತೈತಿ ಅಂತ ಒಳಗ ಹೋಗಿ ಮಲಗಬ್ಯಾಡ್ರಿ ತಮ್ಮಾ, ಬಿಸಿಲು ಬಿದ್ದ ಮ್ಯಾಲನ ಗ್ವಾಡಿ ಬೀಳ್ತೈತಿ.' ಇದು ಬರೀ ಹೆದರಿಕೆಯ ಮಾತಲ್ಲ. ಮಳೆ ನಿಂತರೂ ಗೋಡೆಯೊಳಗಿನ ನೀರು ಬುಡಕ್ಕೆ ಇಳಿಯುತ್ತಲೇ ಇರುತ್ತದೆ. ಹೊರಮೈ ಬಿಸಿಲಿಗೆ ಬೇಗ ಒಣಗಿ ಕುಗ್ಗುತ್ತದೆ, ಒಳಗಿನ ಮಣ್ಣು ಇನ್ನೂ ಕೆಸರಾಗಿರುತ್ತದೆ, ಮೇಲಿನ ಮಾಳಿಗೆಯ ಭಾರ ಕಡಿಮೆಯಾಗಿರುವುದಿಲ್ಲ. ಸುದ್ದಿಯಲ್ಲಿ 'ಮಳೆ ಬಿಡುವು' ಎಂದು ಬಂದ ರಾತ್ರಿಯೇ ಜಾಗ್ರತೆಯ ರಾತ್ರಿ.

ಗಾಳಿಯ ಭಯ ನಮ್ಮಲ್ಲಿಲ್ಲ ಎಂದಲ್ಲ. ಅದು ಬರುವುದು ಏಪ್ರಿಲ್–ಮೇ ತಿಂಗಳ ಅಡ್ಡಮಳೆಯ ಜೊತೆ, ಸಂಜೆ ನಾಲ್ಕರ ಮೇಲೆ, ಒಂದರ್ಧ ತಾಸು. ಮಾಳಿಗೆಗೆ ಅದರಿಂದ ಏನೂ ಆಗುವುದಿಲ್ಲ, ಹಾರುವುದು ಪತ್ರಾಸು. ದನದ ಕೊಟ್ಟಿಗೆಗೆ, ಹಿತ್ತಲಿನ ಬಚ್ಚಲಿಗೆ ತಗಡು ಹೊದಿಸಿ ಮೇಲೆ ಕಲ್ಲು ಹೇರುವುದು ಎಲ್ಲ ಊರಲ್ಲೂ ಇದೆ. ಗಾಳಿ ತಗಡನ್ನು ಕೆಳಗಿನಿಂದ ನೂಕುತ್ತದೆ, ಮೇಲಿನಿಂದ ಹೀರಿ ಎತ್ತುತ್ತದೆ. ತಗಡು ಎದ್ದಾಗ ಮೇಲಿನ ಕಲ್ಲು ಎಲ್ಲಿ ಬೀಳಬೇಕು? ಕೆಳಗೆ ಮಲಗಿದವರ ಮೇಲೆ, ಇಲ್ಲವೇ ದಾರಿಯಲ್ಲಿ ಹೋಗುವವರ ಮೇಲೆ. ಕಲ್ಲಿನ ಬದಲು ಹುಕ್ಕಿನ ಬೋಲ್ಟ್ ಹಾಕಿ ಅಡ್ಡಪಟ್ಟಿಗೆ ಬಿಗಿದರೆ ಖರ್ಚು ನೂರರ ಲೆಕ್ಕದಲ್ಲಿ ಮುಗಿಯುತ್ತದೆ. ಇದನ್ನು ಯುಗಾದಿಗೇ ಮಾಡಬೇಕು, ಮೋಡ ಕಟ್ಟಿದ ಮೇಲೆ ಮಾಡುವ ಕೆಲಸ ಇದಲ್ಲ.

ಉಳಿದ ತಯಾರಿ ಮನೆಯ ಹೆಣ್ಣುಮಕ್ಕಳಿಗೆ ಗೊತ್ತಿದ್ದದ್ದೇ. ಒಣ ಕುಳ್ಳು, ಕಟ್ಟಿಗೆ ಒಳಗೆ ತಂದಿಡುವುದು. ಬೆಳಕಿಂಡಿಗೆ ಮುಚ್ಚಳ ನೋಡುವುದು. ಬಣವೆಯ ನೆತ್ತಿ ಚೂಪು ಮಾಡಿ ತಾಡಪತ್ರಿ ಬಿಗಿಯುವುದು. ಜೋಳದ ಚೀಲಗಳನ್ನು ಗೋಡೆಯಿಂದ ಒಂದು ಗೇಣು ದೂರಕ್ಕೆ, ನೆಲದಿಂದ ಮೇಲಕ್ಕೆ, ಕಟ್ಟಿಗೆಯ ಮೇಲೆ ಒಟ್ಟುವುದು. ಜೋಳ ತುಂಬಿಡುತ್ತಿದ್ದ ನೆಲದ ಹಗೇವು ಈಗ ಎಲ್ಲೋ ಕೆಲವು ಮನೆಗಳಲ್ಲಿ ಉಳಿದಿವೆ. ಬಳಸದೆ ಬಿಟ್ಟ ಹಗೇವಿಗೆ ನೀರು ನುಗ್ಗಿದರೆ ಪಡಸಾಲೆಯೇ ಕುಸಿಯುತ್ತದೆ, ಅದನ್ನು ಮಣ್ಣು ತುಂಬಿ ಮುಚ್ಚಿಸುವುದು ಒಳ್ಳೆಯದು. ನಮ್ಮ ಕಾಲಕ್ಕೆ ಇದಕ್ಕೆ ಎರಡು ಸೇರಿವೆ. ಉತಾರ, ಆಧಾರ್, ರೇಷನ್ ಕಾರ್ಡು, ಪಾಸ್‌ಬುಕ್ಕು ಒಂದೇ ಪ್ಲಾಸ್ಟಿಕ್ ಚೀಲದಲ್ಲಿ ಕೈಗೆ ಸಿಗುವಂತೆ ಇರಬೇಕು. ಮನೆ ಬಿದ್ದ ಮೇಲೆ ಪರಿಹಾರ ಕೇಳಲು ಹೋದವರಿಗೆ ಮೊದಲು ಕೇಳುವುದು ಅವನ್ನೇ. ಇನ್ನೊಂದು ಕರೆಂಟು. ನೆನೆದ ಮಣ್ಣಿನ ಗೋಡೆಗೆ ಮೊಳೆ ಹೊಡೆದು ಎಳೆದ ವೈರು ಜಡಿಯಲ್ಲಿ ಗೋಡೆಯನ್ನೇ ಕರೆಂಟಿನ ಗೋಡೆ ಮಾಡಬಲ್ಲದು. ಎಮ್ಮೆಯನ್ನು ವಿದ್ಯುತ್ ಕಂಬಕ್ಕೆ ಕಟ್ಟುವವರು ಇನ್ನೂ ಇದ್ದಾರೆ.

ಇಷ್ಟೆಲ್ಲ ಗೊತ್ತಿದ್ದೂ ಮನೆಗಳು ಯಾಕೆ ಬೀಳುತ್ತಿವೆ? ಬಡತನ ಒಂದು ಕಾರಣ, ನಿಜ. ಆದರೆ ಮೊದಲೂ ಬಡತನವಿತ್ತು. ಮೊದಲು ಇದ್ದು ಈಗ ಇಲ್ಲದ್ದು ಮುಯ್ಯಿ. ಇಂದು ನಮ್ಮ ಮಾಳಿಗೆ, ನಾಳೆ ನಿಮ್ಮದು, ನಾಡಿದ್ದು ಆಚೆ ಮನೆಯವರದು. ಬುಟ್ಟಿ ಕೈಯಿಂದ ಕೈಗೆ ಏರುತ್ತಿತ್ತು, ಮಧ್ಯಾಹ್ನದ ರೊಟ್ಟಿ ಮಣ್ಣು ಹಾಕಿಸಿಕೊಂಡವರ ಮನೆಯಲ್ಲಿ. ಈಗ ಮಣ್ಣು ಹೊರುವ ವಯಸ್ಸಿನವರು ಹುಬ್ಬಳ್ಳಿಯ ಬಸ್ಸು ಹತ್ತಿ ಕೆಲಸಕ್ಕೆ ಹೋಗುತ್ತಾರೆ. ಅನುಕೂಲವಾದವರು ಆರ್‌ಸಿಸಿ ಮನೆ ಕಟ್ಟಿಕೊಂಡಿದ್ದಾರೆ. ಮಾಳಿಗೆ ಮನೆಯಲ್ಲಿ ಉಳಿದವರು ವಯಸ್ಸಾದವರು, ಒಬ್ಬಂಟಿಗರು, ಕೈಯಲ್ಲಿ ಕಾಸಿಲ್ಲದವರು. ಏಣಿ ಹತ್ತಲಾರದವರ ಮನೆಗೇ ಏಣಿ ಹತ್ತುವ ಕೆಲಸ ಹೆಚ್ಚು.

ಈ ಮಾತಿಗೆ ಇನ್ನೊಂದು ಮಗ್ಗುಲಿದೆ, ಹೇಳಲು ಕಹಿ. ಹಳೇ ಓಣಿಗಳಲ್ಲಿ ಎರಡು ಮನೆಗಳ ನಡುವೆ ಒಂದೇ ಗೋಡೆ ಇರುವುದುಂಟು. ಒಂದು ಬದಿಯವರು ಹಳೇ ಮನೆ ಕೆಡವಿ ಸ್ಲ್ಯಾಬ್ ಹಾಕಿಸುತ್ತಾರೆ. ಹೊಸ ಪಾಯ ತೋಡುವಾಗ ಪಕ್ಕದ ಗೋಡೆಯ ಬುಡ ಸಡಿಲವಾಗುತ್ತದೆ. ಸ್ಲ್ಯಾಬಿನ ನೀರಿಗೆ ಇಟ್ಟ ಪೈಪು ಗೋಡೆಯಿಂದ ಒಂದಡಿ ಹೊರಗೆ ಚಾಚಿ, ಹತ್ತಡಿ ಮೇಲಿಂದ ನೀರನ್ನು ನೇರ ಪಕ್ಕದ ಮಣ್ಣಿನ ಗೋಡೆಯ ಮೇಲೆ ಬಿಡುತ್ತದೆ. ಓಣಿಗೆ ಕಾಂಕ್ರೀಟ್ ರಸ್ತೆ ಬರುತ್ತದೆ, ಹಳೆಯದನ್ನು ಅಗೆಯದೆ ಅದರ ಮೇಲೆಯೇ ಇನ್ನೊಂದು ಪದರ ಬೀಳುತ್ತದೆ. ಹೊಸ ಮನೆಯವರು ಕಟ್ಟೆಯನ್ನು ಎತ್ತರಿಸಿಕೊಂಡಿರುತ್ತಾರೆ. ಹಳೇ ಮನೆಯ ಹೊಸ್ತಿಲು ಮಾತ್ರ ರಸ್ತೆಗಿಂತ ಕೆಳಗಾಗಿ, ಓಣಿಯ ನೀರೆಲ್ಲ ಆ ಮನೆಯ ಪಡಸಾಲೆಗೆ ದಾರಿ ಹುಡುಕಿಕೊಳ್ಳುತ್ತದೆ. ಊರು ಬಿಟ್ಟು ಹೋದವರು ಕೀಲಿ ಹಾಕಿದ ಮನೆ ಇನ್ನೊಂದು. ಅದರ ಮಾಳಿಗೆಗೆ ಹತ್ತು ವರ್ಷದಿಂದ ಯಾರೂ ಹತ್ತಿಲ್ಲ, ಅದು ಬಿದ್ದರೆ ಬೀಳುವುದು ಪಕ್ಕದವರ ಮಲಗುವ ಕೋಣೆಯ ಮೇಲೆ.

ಹಾಗಾಗಿ, ಮಳೆಗೆ ಮನೆ ಸಜ್ಜು ಮಾಡುವುದೆಂದರೆ ನಮ್ಮ ಹೊಸ್ತಿಲೊಳಗೆ ಮುಗಿಯುವ ಕೆಲಸ ಅಲ್ಲ. ನನ್ನ ಮನೆ ಗಟ್ಟಿಯಾಯಿತು ಎಂದಾಗ ನನ್ನ ಮನೆಯ ನೀರು ಎಲ್ಲಿಗೆ ಹೋಯಿತು ಎಂದೂ ಕೇಳಿಕೊಳ್ಳಬೇಕು. ಕಲ್ಯಾಣದ ಶರಣರು ದಯೆಯನ್ನು ಧರ್ಮದ ಮೂಲ ಎಂದರು. ಬಸವ ಜಯಂತಿಯ ದಿನ ಮೆರವಣಿಗೆಯಲ್ಲಿ ಆ ಮಾತನ್ನು ನಾವೆಲ್ಲ ಕೂಗುತ್ತೇವೆ. ಅದೇ ದಿನಗಳಲ್ಲೇ ಮಾಳಿಗೆಗೆ ಮಣ್ಣು ಹಾಕುವ ಹಂಗಾಮೂ ಬರುತ್ತದೆ. ಮಾತು ನಿಜವೋ ಅಲ್ಲವೋ ಎಂಬುದು ನಮ್ಮ ಪೈಪಿನ ಬಾಯಿ ಯಾವ ಕಡೆ ತಿರುಗಿದೆ ಎಂಬುದರಲ್ಲಿ ತಿಳಿಯುತ್ತದೆ.

ತಯಾರಿಯಿಂದ ಸಾವು ತಪ್ಪುತ್ತದೆಯೇ ಎಂದು ಅನುಮಾನ ಇರುವವರು ಒಡಿಶಾವನ್ನು ನೋಡಬೇಕು. 1999ರ ಅಕ್ಟೋಬರ್ 29ರಂದು ಅಲ್ಲಿಗೆ ಅಪ್ಪಳಿಸಿದ ಚಂಡಮಾರುತದಲ್ಲಿ ಸುಮಾರು 10 ಸಾವಿರ ಜನ ಸತ್ತರು. 2013ರ ಅಕ್ಟೋಬರ್ 12ರಂದು ಅದೇ ಕರಾವಳಿಗೆ ಫೈಲಿನ್ ಬಂತು. ಅದೂ ಭಯಂಕರವಾದದ್ದೇ. ಆದರೆ ಅಷ್ಟರಲ್ಲಿ ಆಶ್ರಯ ಕಟ್ಟಡಗಳು ಎದ್ದಿದ್ದವು, ಊರೂರಿನಲ್ಲಿ ಯಾರ ಮನೆಯಿಂದ ಯಾರನ್ನು ಕರೆತರಬೇಕು ಎಂದು ಮೊದಲೇ ಗೊತ್ತಾಗಿತ್ತು. ಹತ್ತು ಲಕ್ಷದಷ್ಟು ಜನರನ್ನು ಗಾಳಿ ಬರುವ ಮೊದಲೇ ಎಬ್ಬಿಸಿ ಕರೆದೊಯ್ದರು. ಸತ್ತವರ ಸಂಖ್ಯೆ ಸಾವಿರದ ಲೆಕ್ಕದಿಂದ ಹತ್ತರ ಲೆಕ್ಕಕ್ಕೆ ಇಳಿಯಿತು. ನಡುವಿನ ಹದಿನಾಲ್ಕು ವರ್ಷದಲ್ಲಿ ಸಮುದ್ರ ಸೌಮ್ಯವಾಗಲಿಲ್ಲ, ಜನ ಕಲಿತರು.

ನಮ್ಮಲ್ಲಿ ನಡೆಯುವುದು ತಿರುಗಾಮುರುಗಾ. ಮನೆ ಬಿದ್ದ ಮೇಲೆ ಸರ್ವೆ, ಎ, ಬಿ, ಸಿ ಎಂದು ವರ್ಗ, 2019ರಲ್ಲಿ ಪೂರ್ತಿ ಬಿದ್ದ ಮನೆಗೆ 5 ಲಕ್ಷ ರೂಪಾಯಿ ಪರಿಹಾರ. ಅದು ಬೇಕು, ಬೇಡವೆನ್ನುವವರು ಯಾರೂ ಇಲ್ಲ. 2009ರ ನಂತರ 'ಆಸರೆ' ಹೆಸರಿನಲ್ಲಿ ಹೊಸ ಮನೆಗಳೂ ಎದ್ದವು. ಆದರೆ ಬಿದ್ದ ಮನೆಯನ್ನು ಎಣಿಸಲು ಬರುವ ಕಾಲುಗಳು ಬೀಳಲಿರುವ ಮನೆಯನ್ನು ನೋಡಲು ಮೇ ತಿಂಗಳಲ್ಲಿ ಒಂದು ಸುತ್ತು ಬಂದರೆ ಎಷ್ಟೋ ಜೀವ ಉಳಿಯುತ್ತವೆ. ಗ್ರಾಮ ಪಂಚಾಯ್ತಿಗೆ ಇದು ದೊಡ್ಡ ಕೆಲಸವಲ್ಲ: ಹೊಟ್ಟೆ ಬಿಟ್ಟ ಗೋಡೆ ಎಷ್ಟು, ಕೀಲಿ ಹಾಕಿದ ಮನೆ ಯಾವುವು, ಒಬ್ಬರೇ ಇರುವ ಮುದುಕರು ಎಲ್ಲೆಲ್ಲಿದ್ದಾರೆ, ಜಡಿ ಹಿಡಿದ ರಾತ್ರಿ ಅವರನ್ನು ಯಾವ ಶಾಲೆಗೆ, ಯಾವ ಸಮುದಾಯ ಭವನಕ್ಕೆ ಕರೆದೊಯ್ಯಬೇಕು, ಅದರ ಕೀಲಿ ಯಾರ ಹತ್ತಿರ. ಒಂದು ಹಾಳೆಯಲ್ಲಿ ಮುಗಿಯುವ ಪಟ್ಟಿ. ಮಳೆಯ ಮುನ್ಸೂಚನೆಗೆ ಈಗ ಕೊರತೆಯಿಲ್ಲ. ಹವಾಮಾನ ಇಲಾಖೆಯ ಹಳದಿ, ಕಿತ್ತಳೆ, ಕೆಂಪು ಎಚ್ಚರಿಕೆಗಳು ಮೊಬೈಲಿಗೇ ಬರುತ್ತವೆ, ರಾಜ್ಯದ ವಿಕೋಪ ಉಸ್ತುವಾರಿ ಕೇಂದ್ರದ 'ವರುಣಮಿತ್ರ' ಸಹಾಯವಾಣಿ ಕರೆ ಮಾಡಿದ ರೈತರಿಗೆ ಕನ್ನಡದಲ್ಲೇ ಉತ್ತರ ಕೊಡುತ್ತದೆ. ಎಚ್ಚರಿಕೆ ಬಂದ ಮೇಲೆ ಯಾರ ಬಾಗಿಲು ಬಡಿಯಬೇಕು ಎಂಬುದು ಮಾತ್ರ ಊರಿನವರಿಗೇ ಗೊತ್ತಿರಬೇಕು.

ಬಂಗಾಳ ಕೊಲ್ಲಿಯಲ್ಲಿ ಮುಂದಿನ ಸಲ ಏನೋ ಎದ್ದಾಗ ಟಿವಿ ಅದರ ಹೆಸರನ್ನು ನೂರು ಸಲ ಹೇಳುತ್ತದೆ. ಅದು ಎದ್ದ ಮೇಲೆ ಮಾಳಿಗೆಗೆ ಮಣ್ಣು ಹಾಕಲು ಬರುವುದಿಲ್ಲ, ಹಸಿ ಗೋಡೆಗೆ ಆಸರೆ ಕೊಡಲೂ ಬರುವುದಿಲ್ಲ. ಅದಕ್ಕೆ ಬಿಸಿಲಿರುವ ದಿನವೇ ಬೇಕು. ಈ ಭಾನುವಾರ ಒಂದು ತಾಸು ಬಿಡುವು ಮಾಡಿಕೊಳ್ಳಿ. ಮಾಳಿಗೆ ಇದ್ದರೆ ಮಾಳಿಗೆ, ಸ್ಲ್ಯಾಬ್ ಇದ್ದರೆ ಸ್ಲ್ಯಾಬ್ ಹತ್ತಿ ನಿಮ್ಮ ಹರನಾಳಿಗೆಯ ಬಾಯಿ ಬಿಡಿಸಿ. ಆ ನೀರು ಪಕ್ಕದವರ ಮಣ್ಣಿನ ಗೋಡೆಗೆ ಬೀಳುತ್ತಿದ್ದರೆ ನೆಲದವರೆಗೆ ಒಂದು ಪೈಪು ಇಳಿಸಿ. ಇಳಿದು ಬಂದು, ಏಣಿ ಹತ್ತಲಾರದ ಪಕ್ಕದ ಮನೆಯ ಅಜ್ಜ, ಆಯಿಯನ್ನು ಕೇಳಿ: 'ನಿಮ್ಮ ಮಾಳಿಗಿ ಒಂದಿಷ್ಟು ನೋಡ್ಲೇನ್ರಿ?'